ಎಂಟು ಟಕ್, ಮೂರು ಕರ್

"ಹ್ಯಾಂಡ್‌ಬ್ರೇಕ್ ಹಾಕಿದ್ಯಾ, ಇಲ್ವಾ? ಅಷ್ಟು ಹೇಳು, ಸಾಕು."

ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ನಿಲ್ಲೋಣವೆಂದರೆ ಜಾಗವೇ ಇರಲಿಲ್ಲ.

"ಹಾಕಿದ್ದೆ ಅಮ್ಮ," ಎಂದಳು ಬಟಾಣಿ.

"ಹಾಕಿದ್ರೆ ಈ ಕಾರು ಇಲ್ಲಿಗೆ ಹೇಗೆ ಬಂತು? ನಡ್ಕೊಂಡು ಬಂತಾ?"

ಬಟಾಣಿಗೂ ಅದೇ ಅರ್ಥವಾಗಿರಲಿಲ್ಲ. ಎಡಗಡೆಯ ಗೋಡೆಗೆ ಅಂಟಿಕೊಂಡು ನಿಂತಿರಬೇಕಾಗಿದ್ದ ತಾತನ ನೀಲಿ ಕಾರು ಸರಿದು ಬಂದು ಅಮ್ಮನ ಬಿಳಿ ಕಾರಿಗೆ ಒರಗಿಕೊಂಡಿತ್ತು. ಮುಂದಕ್ಕೆ ಹೋಗಿದ್ದಲ್ಲ, ಹಿಂದಕ್ಕೆ ಹೋಗಿದ್ದಲ್ಲ, ಪಕ್ಕಕ್ಕೆ! ಬಿಳಿ ಕಾರಿನ ಬಾಗಿಲು ತಟ್ಟೆಯಷ್ಟಗಲ ತಗ್ಗಾಗಿತ್ತು. ಅದರ ಕನ್ನಡಿ ಮುರಿದು ಒಂದು ವೈರಿನಲ್ಲಿ ಜೋತಾಡುತ್ತಿತ್ತು.

ಹತ್ತು ನಿಮಿಷದ ಹಿಂದೆ ಎಲ್ಲವೂ ಸರಿಯಾಗಿತ್ತು. ಅಮ್ಮ ಕೆಲಸದಿಂದ ಬಂದು ಬಿಳಿ ಕಾರನ್ನು ಒಳಗೆ ನಿಲ್ಲಿಸಿದ್ದಳು. ಶಟರ್ ಎಳೆದು ಮನೆಯೊಳಗೆ ಬಂದು ಮುಖ ತೊಳೆಯುತ್ತಿದ್ದಳು. ಬಟಾಣಿ ಹೋಂವರ್ಕ್ ಮಾಡುತ್ತಿದ್ದಳು. ಆಗ ಕೇಳಿಸಿತು, ಧಡಾರ್! ಎಲ್ಲರಿಗಿಂತ ಮೊದಲು ಓಡಿ ಬಂದವಳು ಬಟಾಣಿಯೇ. ಆಮೇಲೆ ಯೋಚಿಸಿದರೆ, ಅದೇ ಅವಳು ಮಾಡಿದ ತಪ್ಪು.

ಅವಳ ಅಣ್ಣ ನೀಲಿ ಕಾರಿನೊಳಗೆ ಬಗ್ಗಿ ನೋಡಿದ. ಅವನು ಎಂಟನೆಯ ಕ್ಲಾಸು. ಮಾತು ಮಾತಿಗೂ ವಾದ ಹೂಡುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಅವನನ್ನು ವಕೀಲ ಎನ್ನುತ್ತಿದ್ದರು.

"ಹ್ಯಾಂಡ್‌ಬ್ರೇಕ್ ಮೇಲೇ ಇದೆ ಅಮ್ಮ," ಎಂದ ವಕೀಲ.

"ನೋಡಿದ್ಯಾ!" ಎಂದು ಬಟಾಣಿ ಕುಣಿದಳು.

"ತಾಳು, ತಾಳು. ಈಗ ಮೇಲಿದೆ. ಆಗ ಇತ್ತಾ? ಸದ್ದು ಕೇಳಿದ್ ತಕ್ಷಣ ಮೊದಲು ಇಲ್ಲಿಗೆ ಓಡಿ ಬಂದಿದ್ದು ಯಾರು?"

"ನಾನು."

"ಹಾಂ! ಆ ಕಡೆ ಬಾಗಿಲಿಂದ ನುಗ್ಗಿ ಎಳೆದುಬಿಟ್ಟಿರ್ತೀಯ. ಕೇಸ್ ಕ್ಲೋಸ್."

ಬಟಾಣಿ ಮರೆತಿದ್ದಳು ಎಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ವಕೀಲ ಹೇಳುತ್ತಿದ್ದುದು ಅವಳು ಸುಳ್ಳಿ ಅಂತ. ಅಮ್ಮನ ಮುಖ ನೋಡಿದಳು. ಅಮ್ಮ ಇಲ್ಲ ಎನ್ನಲಿಲ್ಲ.

ಅಷ್ಟು ಹೊತ್ತೂ ತಾತ ನೆಲದ ಮೇಲೆ ಮಂಡಿಯೂರಿ ಕಾರಿನ ಕೆಳಗೆ ನೋಡುತ್ತಿದ್ದ. ಈಗ ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದ.

"ಮಗೂನ ಬಯ್ಬೇಡಮ್ಮ. ತಪ್ಪು ನಂದು," ಎಂದ. "ಆ ಲಾಕು..."

"ಅಪ್ಪಾ, ದಯವಿಟ್ಟು ನೀನು ಶುರು ಮಾಡ್ಬೇಡ," ಅಮ್ಮ ತಡೆದಳು. "ಮೊನ್ನೆ ಹೂಜಿ ಒಡೆದಾಗ್ಲೂ ತಪ್ಪು ನಂದು ಅಂದೆ. ಛತ್ರಿ ಕಳೆದು ಬಂದಾಗ್ಲೂ ತಪ್ಪು ನಂದು ಅಂದೆ. ಇವಳು ಏನು ಮಾಡಿದ್ರೂ ತಪ್ಪು ನಿಂದೇ. ನೀನು ವಹಿಸ್ಕೊಂಡು ವಹಿಸ್ಕೊಂಡೇ ಇವಳು ಹೀಗಾಗಿರೋದು."

ತಾತ ಮತ್ತೆ ಕಾರಿನ ಕೆಳಗೆ ಬಗ್ಗಿದ.

"ನಾಳೆಯಿಂದ ನೀನು ಗ್ಯಾರೇಜಿಗೆ ಕಾಲಿಡಬಾರದು," ಎಂದಳು ಅಮ್ಮ ಬಟಾಣಿಯ ಕಡೆ ತಿರುಗಿ. "ಮರೆತಿದ್ದಕ್ಕಲ್ಲ. ಮರೆತು ಇಲ್ಲ ಅಂದಿದ್ದಕ್ಕೆ."

ಬಟಾಣಿಗೆ ಹತ್ತು ವರ್ಷ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೂ ಉದ್ದನೆಯ ಹೆಸರೊಂದು ಇತ್ತು. ಆದರೆ ಹುಟ್ಟಿದಾಗ ಬಟಾಣಿ ಕಾಳಿನಷ್ಟಿದ್ದಳೆಂದು ತಾತ ಇಟ್ಟ ಹೆಸರೇ ಬೀದಿಗೆಲ್ಲ ಗೊತ್ತಿದ್ದುದು. ಆ ಬಟಾಣಿಗೆ ಗ್ಯಾರೇಜ್ ಬೇಡ ಎನ್ನುವುದೂ ಒಂದೇ, ಮೀನಿಗೆ ನೀರು ಬೇಡ ಎನ್ನುವುದೂ ಒಂದೇ.

ತಾತ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿದ್ದವನು. ಮೂವತ್ತೆರಡು ವರ್ಷ ಆ ನೀಲಿ ಕಾರಿನಲ್ಲೇ ಕೂತು ಕಾರು ಕಲಿಸಿದ್ದ. ಆ ಬೀದಿಯಲ್ಲಿ ಸ್ಟೀರಿಂಗ್ ಹಿಡಿದವರೆಲ್ಲ ಅವನ ಶಿಷ್ಯರೇ. ಅಮ್ಮನೂ ಅವನ ಶಿಷ್ಯೆಯೇ, ಅದೂ ಮೂರು ಸಲ ಟೆಸ್ಟಿನಲ್ಲಿ ಫೇಲಾದ ಶಿಷ್ಯೆ. ಅದನ್ನು ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ.

ಎಲ್ಲರಿಗೂ ತಾತ ಕಲಿಸುತ್ತಿದ್ದ ಮೊದಲ ಪಾಠ ಒಂದೇ. "ಗಾಡಿ ನಿಲ್ಸಿದ್ಯಾ? ಹ್ಯಾಂಡ್‌ಬ್ರೇಕ್ ಎಳಿ. ಆಮೇಲೆ ಉಸಿರು ಬಿಡು."

ಈಗ ತಾತನೂ ರಿಟೈರ್, ಕಾರೂ ರಿಟೈರ್. ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಒಂದಲ್ಲ ಒಂದು ದಿನ ಆಗುತ್ತದೆ ಅಂತ ತಾತ ದಿನಾ ಅದರ ಬಾನೆಟ್ ಎತ್ತಿ ಏನೋ ಬಿಚ್ಚುತ್ತಿದ್ದ, ಏನೋ ಒರೆಸುತ್ತಿದ್ದ. ಬಟಾಣಿ ಪಕ್ಕದಲ್ಲಿ ಡಬ್ಬದ ಮೇಲೆ ಕೂತು ಸ್ಪ್ಯಾನರ್ ಕೊಡುತ್ತಿದ್ದಳು.

ಅಮ್ಮ ಫಿಸಿಯೋಥೆರಪಿ ಮಾಡುತ್ತಿದ್ದಳು. ಮನೆ ಮನೆಗೆ ಹೋಗಿ ಮಂಡಿನೋವಿನವರಿಗೆ, ಭುಜ ಹಿಡಿದುಕೊಂಡವರಿಗೆ ವ್ಯಾಯಾಮ ಮಾಡಿಸುವ ಕೆಲಸ. ಅವಳ ಬಿಳಿ ಕಾರು ಮೊದಲು ಬೀದಿಯಲ್ಲೇ ನಿಲ್ಲುತ್ತಿತ್ತು. ಬೀದಿಯೋ ಇಕ್ಕಟ್ಟು. ಕಸದ ಲಾರಿ ಎರಡು ಸಲ ಕನ್ನಡಿ ಮುರಿದುಕೊಂಡು ಹೋಯಿತು. ಎರಡನೆಯ ಸಲ ಅಮ್ಮ ಹೇಳಿಯೇಬಿಟ್ಟಳು. "ಅಪ್ಪಾ, ಓಡೋ ಕಾರು ಬೀದೀಲಿ, ಓಡದ ಕಾರು ಮನೇಲಿ. ಇದು ಯಾವ ನ್ಯಾಯ?"

ಎರಡೂ ಕಾರು ಒಳಗೆ ಹಿಡಿಯಬೇಕೆಂದರೆ ನೀಲಿ ಕಾರು ಗೋಡೆಯ ಪಕ್ಕ ಒಬ್ಬರು ನುಸುಳುವಷ್ಟೇ ಜಾಗ ಉಳಿಯುವ ಹಾಗೆ ಹತ್ತಿರ ಹೋಗಬೇಕು. ಕಾರು ಮುಂದೆ ಹಿಂದೆ ಹೋಗುತ್ತದೆ, ಏಡಿಯ ಹಾಗೆ ಅಡ್ಡಕ್ಕೆ ಹೋಗುತ್ತದೆಯೇ?

ಹೋಗುತ್ತದೆ ಅಂದ ತಾತ. ಒಂದು ದಿನ ನಾಲ್ಕು ಡಾಲಿ ತಂದ. ಡಾಲಿ ಅಂದರೆ ಬೊಂಬೆಯಲ್ಲ. ನಡುವೆ ತಗ್ಗಿರುವ ಒಂದು ಕಬ್ಬಿಣದ ತಟ್ಟೆ. ಅದರ ಕೆಳಗೆ, ಎತ್ತ ಬೇಕಾದರೂ ತಿರುಗುವ ನಾಲ್ಕು ಪುಟ್ಟ ಗಾಲಿಗಳು. ತಾತ ಜಾಕ್ ಕೊಟ್ಟು ಕಾರಿನ ಒಂದೊಂದು ಚಕ್ರವನ್ನೂ ಎತ್ತಿ, ಕೆಳಗೆ ಒಂದೊಂದು ಡಾಲಿ ಇಟ್ಟ. ಬಟಾಣಿ ಅದಕ್ಕೆ ಕಾರಿನ ಚಪ್ಪಲಿ ಅಂತ ಹೆಸರಿಟ್ಟಳು. ನಾಲ್ಕೂ ಕಾಲಿಗೆ ಚಪ್ಪಲಿ ಹಾಕಿಕೊಂಡ ಮೇಲೆ ನೀಲಿ ಕಾರು ತಳ್ಳಿದ ಕಡೆ ಹೋಗತೊಡಗಿತು. ಬೇಕಾದರೆ ಅಡ್ಡಕ್ಕೆ, ಬೇಕಾದರೆ ಓರೆಗೆ.

ದಿನಾ ಸಂಜೆ ಐದೂವರೆಗೆ ಇದೇ ಕೆಲಸ. ತಾತ, ಬಟಾಣಿ ಇಬ್ಬರೂ ಸೇರಿ ನೀಲಿ ಕಾರನ್ನು ಗೋಡೆಗೆ ತಳ್ಳುತ್ತಿದ್ದರು. ಒಂದೊಂದು ಡಾಲಿಗೆ ಎರಡೆರಡು ಲಾಕು. ಅದನ್ನು ಒತ್ತಿದರೆ ಗಾಲಿ ಅಲ್ಲಾಡುವುದಿಲ್ಲ. ಅದು ತಾತನ ಕೆಲಸ. ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆಯುವುದು ಬಟಾಣಿಯ ಕೆಲಸ. ಕರ್, ಕರ್, ಕರ್. ಮೂರು ಸಲ ಕರ್ ಅಂದರೆ ಗಟ್ಟಿಯಾಗಿ ಕೂತಿತು ಎಂದು ಲೆಕ್ಕ.

"ಹಾಕಾಯ್ತು ತಾತ!" ಎಂದು ಅವಳು ಕೂಗಬೇಕು. "ಶಹಬ್ಬಾಸ್ ಡ್ರೈವರ್!" ಎಂದು ತಾತ ಎದ್ದು ಕೈ ಒರೆಸಿಕೊಳ್ಳಬೇಕು. ಅಲ್ಲಿಗೆ ಡ್ಯೂಟಿ ಮುಗಿಯಿತು.

ಅವತ್ತೂ ಹಾಗೆಯೇ ಮಾಡಿದ್ದಳು. ಮಾಡಿದ್ದಳಲ್ಲವೇ?

ಊಟದ ಹೊತ್ತಿಗೆ ಬಟಾಣಿಯ ತಲೆ ಸಿಕ್ಕು ಬಿದ್ದ ದಾರದುಂಡೆಯಾಗಿತ್ತು. ಕರ್ ಕರ್ ಕರ್ ಅಂದದ್ದು ಕಿವಿಯಲ್ಲೇ ಇತ್ತು. ಆದರೆ ಅದು ಇವತ್ತಿನದೋ, ನಿನ್ನೆಯದೋ? ನಿನ್ನೆಯೂ ಹಾಗೇ ಅಂದಿತ್ತು, ಮೊನ್ನೆಯೂ ಹಾಗೇ ಅಂದಿತ್ತು. ಎಲ್ಲ ಕರ್ರೂ ಒಂದೇ ಥರ.

"ಒಂದ್ವೇಳೆ ಬೆಕ್ಕು ಒಳಗೆ ಹೋಗಿ ಎಳೆದಿರಬಹುದಾ?" ಎಂದು ವಕೀಲನನ್ನು ಕೇಳಿದಳು.

"ನಮ್ಮ ಮನೇಲಿ ಬೆಕ್ಕಿಲ್ಲ."

"ಹೊರಗಿನ ಬೆಕ್ಕು."

"ಹೊರಗಿನ ಬೆಕ್ಕು ಬಂದು, ಹ್ಯಾಂಡ್‌ಬ್ರೇಕ್ ಇಳಿಸಿ, ಕಾರು ಗುದ್ದಿಸಿ, ಮತ್ತೆ ಹ್ಯಾಂಡ್‌ಬ್ರೇಕ್ ಏರಿಸಿ ಹೋಯ್ತು. ತುಂಬಾ ಒಳ್ಳೇ ಬೆಕ್ಕು. ಅದಕ್ಕೆ ಲೈಸೆನ್ಸ್ ಕೊಡ್ಸೋಣ."

ಬಟಾಣಿಗೆ ನಗು ಬರಲಿಲ್ಲ. ಅವಳನ್ನು ನಿಜವಾಗಿ ಕೊರೆಯುತ್ತಿದ್ದುದು ಬೇರೆ. ತಾತ 'ತಪ್ಪು ನಂದು' ಅಂದಿದ್ದ. ಹೂಜಿ ಒಡೆದವಳು ಬಟಾಣಿ, ಛತ್ರಿ ಕಳೆದವಳೂ ಬಟಾಣಿ. ಆಗೆಲ್ಲ ತಾತ ಇದೇ ಮಾತು ಹೇಳಿ ಅವಳನ್ನು ಉಳಿಸಿದ್ದ. ಇವತ್ತೂ ಅದನ್ನೇ ಹೇಳಿದ. ಅಂದರೆ ತಾತನೂ ಅವಳೇ ಮಾಡಿದ್ದು ಅಂದುಕೊಂಡಿದ್ದಾನೆ. ತಾತನೂ!

ಅಮ್ಮ ನಂಬಲಿಲ್ಲ, ವಕೀಲ ನಂಬಲಿಲ್ಲ, ತಾತ ನಂಬಲಿಲ್ಲ. ಮೂರು ಜನ ದೊಡ್ಡವರಿಗೆ ಗೊತ್ತಿರುವುದು ಅವಳೊಬ್ಬಳಿಗೆ ಗೊತ್ತಿಲ್ಲವೆಂದರೆ ಅವಳೇ ಮರೆತಿರಬೇಕು. ದಿಂಬಿಗೆ ಮುಖ ಒತ್ತಿ ಮಲಗಿ ಅವಳು ಕೈಯನ್ನು ಗಾಳಿಯಲ್ಲಿ ಎಳೆದು ನೋಡಿದಳು. ಕೈಗೆ ನೆನಪಿತ್ತು. ತಲೆಗೆ ಮಾತ್ರ ಗ್ಯಾರಂಟಿ ಇರಲಿಲ್ಲ.

ಮರುದಿನ ಶಾಲೆಯಲ್ಲೂ ಅದೇ ಕತೆ. ಗಣಿತದ ಮಿಸ್ ಏನೋ ಕೇಳಿದರು. ಬಟಾಣಿ ಎದ್ದು ನಿಂತು "ಮೂರು ಸಲ, ಮಿಸ್" ಎಂದಳು. ಇಡೀ ಕ್ಲಾಸು ನಕ್ಕಿತು. ಕೇಳಿದ್ದು ಚೌಕಕ್ಕೆ ಎಷ್ಟು ಮೂಲೆ ಅಂತ.

ಸಂಜೆ ಗೇಟಿನ ಹತ್ತಿರ ಅವಳ ಗೆಳತಿ ಅಳುತ್ತಾ ನಿಂತಿದ್ದಳು. ಅವಳನ್ನು ಎಲ್ಲರೂ ಜೋಡಿಜಡೆ ಎನ್ನುತ್ತಿದ್ದರು. ಸೈಕಲ್ಲಿಗೆ ಬೀಗ ಹಾಕಿದ್ದಳು, ಬೀಗದ ಕೈ ಎಲ್ಲೋ ಕಳೆದಿತ್ತು. ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದರೂ ಸಿಗಲಿಲ್ಲ.

"ಹಿಂದಿನ ಚಕ್ರ ತಿರುಗ್ತಾನೇ ಇಲ್ಲ ಕಣೇ," ಎಂದು ಜೋಡಿಜಡೆ ಮೂಗೆಳೆದಳು. "ಹೇಗೆ ತಗೊಂಡು ಹೋಗ್ಲಿ?"

ಎದುರಿಗಿದ್ದ ಸೈಕಲ್ ಶಾಪಿನ ಅಂಕಲ್ ತಮ್ಮ ತಳ್ಳುಗಾಡಿ ತಂದರು. ಸೈಕಲ್ ಎತ್ತಿ ಅದರ ಮೇಲೆ ನಿಲ್ಲಿಸಿದರು. "ಇಲ್ಲಿ ಬೇಡ, ಅಂಗಡೀಲಿ ಕಟ್ ಮಾಡ್ತೀನಿ, ನಡೀರಿ," ಎಂದು ಗಾಡಿ ತಳ್ಳಿದರು. ಜೋಡಿಜಡೆ ಸೈಕಲ್ಲಿನ ಸೀಟು ಹಿಡಿದುಕೊಂಡಳು. ಬಟಾಣಿ ಹಿಂದೆ ಹಿಂದೆ ಹೊರಟಳು.

ನಾಲ್ಕು ಹೆಜ್ಜೆ ಹೋದವಳು ನಿಂತುಬಿಟ್ಟಳು.

ಸೈಕಲ್ಲಿನ ಚಕ್ರ ತಿರುಗುತ್ತಿರಲಿಲ್ಲ. ಬೀಗ ಹಾಗೇ ಇತ್ತು. ಆದರೂ ಸೈಕಲ್ ಆರಾಮಾಗಿ ರಸ್ತೆ ದಾಟುತ್ತಿತ್ತು.

"ಅಂಕಲ್!" ಎಂದು ಕೂಗಿದಳು. "ಸೈಕಲ್ಲಿಗೆ ಬೀಗ ಇದೆಯಲ್ಲ, ಮತ್ತೆ ಹೇಗೆ ಹೋಗ್ತಿದೆ?"

ಅಂಕಲ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬೀಗ ಸೈಕಲ್ಲಿಗೆ ತಾಯಿ. ನನ್ನ ಗಾಡಿಗಲ್ಲ."

ಬಟಾಣಿ ಬಗ್ಗಿ ತಳ್ಳುಗಾಡಿಯ ಗಾಲಿ ನೋಡಿದಳು. ಗರಗರ ತಿರುಗುತ್ತಿತ್ತು. ಮೇಲೆ ಸೈಕಲ್ಲಿನ ಚಕ್ರ ನೋಡಿದಳು. ಕಲ್ಲಿನಂತೆ ನಿಂತಿತ್ತು. ಮತ್ತೆ ಕೆಳಗೆ ನೋಡಿದಳು. ಮತ್ತೆ ಮೇಲೆ.

"ಕಾರಿನ ಚಪ್ಪಲಿ!" ಎಂದು ಕಿರುಚಿದಳು.

"ಏನೇ?" ಎಂದಳು ಜೋಡಿಜಡೆ.

ಉತ್ತರ ಕೊಡುವಷ್ಟು ವ್ಯವಧಾನ ಬಟಾಣಿಗೆ ಎಲ್ಲಿಯದು? ಬ್ಯಾಗ್ ಬೆನ್ನಿಗೆ ಬಡಿಯುತ್ತಿದ್ದರೂ ಅವಳು ಆಗಲೇ ಮನೆಯ ದಾರಿ ಹಿಡಿದಿದ್ದಳು.

ಅರ್ಧ ದಾರಿಯವರೆಗೆ ಓಡಿದಳು. ನಾನಲ್ಲ, ನಾನಲ್ಲ, ನಾನಲ್ಲ! ಹ್ಯಾಂಡ್‌ಬ್ರೇಕ್ ಹಿಡಿಯುವುದು ಕಾರಿನ ಚಕ್ರವನ್ನು. ಕಾರಿನ ಚಕ್ರ ಡಾಲಿಯ ಮೇಲಿದೆ. ಡಾಲಿ ಉರುಳಿದರೆ ಹ್ಯಾಂಡ್‌ಬ್ರೇಕ್ ಏನು ಮಾಡೀತು? ಅದು ಮೇಲಿದ್ದರೂ ಅಷ್ಟೆ, ಕೆಳಗಿದ್ದರೂ ಅಷ್ಟೆ. ಅವಳು ಸುಳ್ಳಿಯಲ್ಲ. ಅವಳ ತಲೆಯೂ ಕೆಟ್ಟಿಲ್ಲ.

ಉಳಿದ ಅರ್ಧ ದಾರಿ ನಡೆದಳು. ಹಾಗಾದರೆ ಕಾರನ್ನು ಹಿಡಿದು ನಿಲ್ಲಿಸುವುದು ಯಾವುದು? ಡಾಲಿಯ ಲಾಕು. ಲಾಕು ಒತ್ತುವವನು ಯಾರು?

ಖುಷಿಯಾಗಬೇಕಾಗಿತ್ತು, ಆಗಲಿಲ್ಲ. 

ಗ್ಯಾರೇಜಿನ ಶಟರ್ ಮೇಲಿತ್ತು. ಬಟಾಣಿ ಹೊಸ್ತಿಲಲ್ಲೇ ನಿಂತಳು. ಅಮ್ಮ ಕಾಲಿಡಬಾರದು ಎಂದಿದ್ದಳು. ನಿಂತು ನೋಡಬಾರದು ಎಂದಿರಲಿಲ್ಲ. ನೀಲಿ ಕಾರು ಗ್ಯಾರೇಜಿನ ನಡುವೆ ನಿಂತಿತ್ತು. ಪಕ್ಕದಲ್ಲಿ ಬಟಾಣಿ ಕೂರುವ ಡಬ್ಬದ ಮೇಲೆ ತಾತ ಕೂತಿದ್ದ. ಬಾನೆಟ್ ಎತ್ತಿರಲಿಲ್ಲ, ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಸುಮ್ಮನೆ ಕೂತಿದ್ದ.

"ತಾತ."

"ಬಂದ್ಯಾ ಡ್ರೈವರ್?"

"ತಾತ, ಡಾಲಿ ಮೇಲೆ ಇದ್ದಾಗ ಹ್ಯಾಂಡ್‌ಬ್ರೇಕ್ ಹಾಕಿದ್ರೂ ಪ್ರಯೋಜನ ಇಲ್ಲ ಅಲ್ವಾ?"

ತಾತ ತಟ್ಟನೆ ತಲೆಯೆತ್ತಿದ. "ಯಾರು ಹೇಳಿದ್ರು?"

"ಯಾರೂ ಇಲ್ಲ. ಸೈಕಲ್ ನೋಡಿದೆ."

ತಾತ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಕ್ಕ. ಆ ನಗು ಪೂರ್ತಿ ನಗುವಾಗಿರಲಿಲ್ಲ.

"ಹೌದು ಪುಟ್ಟಿ. ಡಾಲಿ ಮೇಲೆ ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಬಟಾಣಿಗೆ ಕೆನ್ನೆಗೆ ಹೊಡೆದಂತಾಯಿತು. "ಮತ್ತೆ ನನ್ನ ಹತ್ರ ದಿನಾ ಯಾಕೆ ಹಾಕಿಸ್ತಿದ್ದೆ? ಸುಮ್ನೆ ಆಟಕ್ಕಾ?"

"ಅಯ್ಯೋ, ಇಲ್ಲಮ್ಮ!" ತಾತ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. "ಅದು ಕೇಳದೆ ಇದ್ರೆ ನನಗೆ ಕೆಲಸ ಮುಗೀತು ಅಂತ ಅನ್ಸೋದೇ ಇಲ್ಲ. ಮೂವತ್ತೆರಡು ವರ್ಷ. ಕರ್ ಅಂತ ಕೇಳಿಸ್ತು ಅಂದ್ರೆ ಕಾಲು ತಾನೇ ಕೆಳಗಿಳಿಯತ್ತೆ. ನಿನ್ನೆಯೂ ಅದೇ ಆಯ್ತು. ಇಲ್ಲಿ ಮಂಡಿಯೂರಿದ್ದೆ. ಮೊದಲ್ನೇ ಡಾಲಿಗೆ ಲಾಕ್ ಒತ್ತಬೇಕು ಅಂತ ಕೈ ಚಾಚಿದ್ದೆ. ಆಗ ನೀನು ಒಳಗೆ ಕರ್ ಕರ್ ಕರ್ ಅನ್ನಿಸ್ದೆ. ಹಾಕಾಯ್ತು ತಾತ ಅಂದೆ. ನಾನು ಎದ್ದು ಕೈ ಒರೆಸ್ಕೊಂಡೆ."

"ಒಂದೂ ಒತ್ತಲಿಲ್ವಾ?"

"ಒಂದೂ ಒತ್ತಲಿಲ್ಲ. ಈ ನೆಲ ಬೇರೆ ಬಿಳಿ ಕಾರು ನಿಲ್ಲೋ ಮೂಲೆ ಕಡೆಗೆ ಒಂಚೂರು ಇಳಿಜಾರು, ತೊಳೆದ ನೀರು ಹೋಗ್ಲಿ ಅಂತ. ನಿಮ್ಮಮ್ಮ ಶಟರ್ ಎಳೆದಾಗ ಅದುರಿ ಉರುಳೋಕೆ ಶುರುವಾಗಿರತ್ತೆ."

ಬಟಾಣಿ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತಳು. "ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ! ತಪ್ಪು ನಂದು ಅಂದೆ. ರಾತ್ರಿ ಊಟದ ಮೇಲೆ ಇನ್ನೊಂದ್ಸಲ ಹೇಳಿದೆ. ಅಪ್ಪಾ ನೀನು ಹೋಗಿ ಮಲ್ಕೋ ಅಂದ್ಳು ನಿಮ್ಮಮ್ಮ." ತಾತ ತಲೆ ಕೆರೆದುಕೊಂಡ. "ಯಾರೂ ನಂಬ್ಲಿಲ್ಲ."

"ನಾನೂ ನಂಬ್ಲಿಲ್ಲ," ಎಂದಳು ಬಟಾಣಿ ಮೆಲ್ಲಗೆ.

ಅಷ್ಟರಲ್ಲಿ ಹೊರಗೆ ಬಿಳಿ ಕಾರಿನ ಹಾರನ್ ಕೇಳಿಸಿತು. ಅಮ್ಮ ಇಳಿದು ಬಂದಳು. ಕನ್ನಡಿ ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಟೇಪ್ ಸುತ್ತಿತ್ತು. ಇಡೀ ದಿನ ಹಿಂದಿನ ಗಾಡಿ ಕಾಣದೆ ಓಡಿಸಿದ ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿತ್ತು. ವಕೀಲನೂ ಟ್ಯೂಷನ್ ಮುಗಿಸಿ ಅವಳ ಜೊತೆಗೇ ಬಂದಿದ್ದ.

"ಇನ್ನೂ ಸರಿಸಿಲ್ವಾ ಅಪ್ಪಾ? ಮತ್ತೆ ಇವಳು ಇಲ್ಲೇನು ಮಾಡ್ತಿದಾಳೆ?"

"ಅಮ್ಮ, ನಾನು ಒಳಗೆ ಕಾಲಿಟ್ಟಿಲ್ಲ," ಎಂದಳು ಬಟಾಣಿ. "ಒಂದೇ ಒಂದು ಸಲ ನೀನು ನೀಲಿ ಕಾರಲ್ಲಿ ಕೂತ್ಕೋತೀಯಾ? ಪ್ಲೀಸ್?"

"ಯಾಕೆ?"

"ಕೂತ್ಕೊಂಡು ನೀನೇ ಹ್ಯಾಂಡ್‌ಬ್ರೇಕ್ ಹಾಕು. ನಿನ್ನ ಕೈಯಾರೆ. ಗಟ್ಟಿಯಾಗಿ."

ಅಮ್ಮ ತಾತನ ಮುಖ ನೋಡಿದಳು. ತಾತ ಕೂತ್ಕೋ ಎಂಬಂತೆ ತಲೆಯಾಡಿಸಿದ. ಅಮ್ಮ ಉಸ್ಸೆಂದು ಉಸಿರು ಬಿಟ್ಟು ಬಾಗಿಲು ತೆರೆದು ಕೂತಳು. ಕರ್, ಕರ್, ಕರ್.

"ಹಾಕಿದ್ಯಾ?"

"ಹಾಕ್ದೆ."

"ನಿಜವಾಗ್ಲೂ?"

"ಹಾಕ್ದೆ ಅಂತ ಹೇಳ್ತಿದೀನಲ್ಲ!"

"ನಾನೂ ನಿನ್ನೆ ಹೀಗೇ ಹೇಳ್ದೆ," ಎಂದಳು ಬಟಾಣಿ.

ತಾತ ಲಾಕುಗಳನ್ನು ಬಿಚ್ಚಿ ಆ ಕಡೆಗೆ ಹೋಗಿ ಕಾರಿಗೆ ಕೈ ಕೊಟ್ಟು ನಿಂತ. ಬಟಾಣಿ ಒಳಗೆ ಬಂದು ಈ ಕಡೆಯ ಬಾಗಿಲಿಗೆ ಹೆಗಲು ಕೊಟ್ಟಳು. ಕಾಲು ಊರಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಳ್ಳಿದಳು. ಮೊದಲು ಏನೂ ಆಗಲಿಲ್ಲ. ವಕೀಲ ಕಿಸಕ್ಕೆಂದ. ಆಮೇಲೆ ಕೆಳಗೆ ಗಾಲಿಗಳು ಕಿರ್ ಎಂದು ತಿರುಗಿದವು. ಅಮ್ಮನನ್ನು ಹೊತ್ತುಕೊಂಡು ನೀಲಿ ಕಾರು ಒಂದು ಮೊಳ ಅಡ್ಡಕ್ಕೆ ಸರಿಯಿತು.

"ಅಯ್ಯಯ್ಯೋ!" ಎಂದು ಅಮ್ಮ ಸ್ಟೀರಿಂಗ್ ಅಪ್ಪಿಕೊಂಡಳು. ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಕ್ಲಚ್ಚಿನ ಮೇಲೆ. "ನಿಲ್ಸು! ನಿಲ್ಸೇ!"

ತಾತ ಆ ಕಡೆಯಿಂದ ತಡೆದು ನಿಲ್ಲಿಸಿದ. ವಕೀಲ ನೆಲದ ಮೇಲೆ ಬೋರಲು ಮಲಗಿ ಕೆಳಗೆ ನೋಡುತ್ತಿದ್ದ. ಎದ್ದಾಗ ಅವನ ಮುಖದಲ್ಲಿ ವಾದವೇ ಇರಲಿಲ್ಲ. "ಅಮ್ಮ, ಕಾರಿನ ಚಕ್ರ ತಿರುಗಲೇ ಇಲ್ಲ," ಎಂದ. "ಡಾಲಿ ಓಡ್ತು."

 ಅಮ್ಮ ಹ್ಯಾಂಡ್‌ಬ್ರೇಕ್ ನೋಡಿದಳು. ಅದು ಮೇಲೇ ಇತ್ತು. ಎಳೆದವಳು ಅವಳೇ. ಗಾಡಿ ಅಲ್ಲಾಡಿತೆಂದರೆ ಹ್ಯಾಂಡ್‌ಬ್ರೇಕ್ ಹಾಕಿಲ್ಲ ಅಂತ ಅರ್ಥ, ಇದು ಅವಳು ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಸೀಟಿನಲ್ಲಿ ಕಲಿತ ಪಾಠ. ಅದಕ್ಕಿಂತ ಆಚೆ ಯೋಚಿಸಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ಅವಳು ಇಳಿದು ಬಂದು ಬಟಾಣಿಯ ಮುಂದೆ ಬಗ್ಗಿದಳು. ಕರವಸ್ತ್ರ ತೆಗೆದು ಅವಳ ಮೂಗಿನ ಮೇಲಿನ ಗ್ರೀಸ್ ಒರೆಸಿದಳು.

"ನೀನು ನಿನ್ನೆ ನಿಜ ಹೇಳಿದ್ದೆ. ನಾನೇ ಸರಿಯಾಗಿ ಕೇಳಿಸ್ಕೊಳ್ಲಿಲ್ಲ," ಎಂದಳು. "ಬೇಜಾರಾಯ್ತಾ?"

ಬಟಾಣಿ ಇಲ್ಲ ಎನ್ನಲು ಹೋದಳು. ಆದರೆ ಸುಳ್ಳಾಗುತ್ತಿತ್ತು. "ತುಂಬಾ ಆಯ್ತು," ಎಂದಳು. ಅಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಮ್ಮನ ಬಟ್ಟೆಯಿಂದ ನೋವಿನ ಎಣ್ಣೆಯ ವಾಸನೆ ಬರುತ್ತಿತ್ತು. ಬಟಾಣಿಗೆ ಅಳು ಬಂತು, ಅತ್ತುಬಿಟ್ಟಳು.

ಮಾತು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಮ್ಮ ತಲೆಯೆತ್ತಿ ತಾತನ ಕಡೆ ನೋಡಿದಳು.

"ಹಾಗಾದ್ರೆ ಲಾಕು?"

"ನಾನೇ ಮರೆತಿದ್ದು," ಎಂದ ತಾತ. "ನಿನ್ನೆಯೇ ಹೇಳಿದೆ."

ಅಮ್ಮ ಬಯ್ಯಲಿಲ್ಲ. ಬೈದಿದ್ದರೇ ಮೇಲಾಗುತ್ತಿತ್ತೇನೋ. ಅವಳ ದನಿ ಮೆತ್ತಗಾಯಿತು, ಮಂಡಿನೋವಿನವರ ಹತ್ತಿರ ಮಾತಾಡುವಾಗ ಆಗುವ ಹಾಗೆ. "ಅಪ್ಪಾ, ನಿನಗೂ ವಯಸ್ಸಾಯ್ತು. ಬಗ್ಗೋದು ಏಳೋದು ಕಷ್ಟ. ಯಾರಾದ್ರೂ ನಡುವೆ ಸಿಕ್ಕೊಂಡಿದ್ರೆ ಏನು ಗತಿ? ನಾಳೆಯಿಂದ ಇದನ್ನ ಇವನು ಮಾಡ್ಲಿ. ನೀನು ಇಲ್ಲಿಗೆ ಬರೋದು ಬೇಡ."

'ಇವನು' ಅಂದರೆ ವಕೀಲ. ಅವನಿಗೂ ಅದು ಬೇಕಾಗಿರಲಿಲ್ಲ. ತಾತ ಡಬ್ಬದ ಪಕ್ಕದಲ್ಲಿದ್ದ ಬಟ್ಟೆ ತೆಗೆದುಕೊಂಡು, ಗ್ರೀಸ್ ಇಲ್ಲದ ಕೈಗಳನ್ನು ಒರೆಸತೊಡಗಿದ.

ನಿನ್ನೆ 'ಕಾಲಿಡಬಾರದು' ಅಂದಾಗ ಹೇಗಾಗಿತ್ತು ಅಂತ ಈ ಮನೆಯಲ್ಲಿ ಗೊತ್ತಿದ್ದುದು ಬಟಾಣಿಗೊಬ್ಬಳಿಗೇ.

"ಬೇಡ ಅಮ್ಮ," ಎಂದಳು. "ನಾವಿಬ್ರೂ ಮಾಡ್ತೀವಿ. ಮೊದಲು ಪೂರ್ತಿ ಲಾಕು, ಆಮೇಲೆ ಹ್ಯಾಂಡ್‌ಬ್ರೇಕು. ನಾನು ಅರ್ಜೆಂಟ್ ಮಾಡಲ್ಲ. ಈಗ ಮಾಡ್ತೀವಿ, ನೀನೇ ನೋಡು."

ಅಮ್ಮ ಇಬ್ಬರನ್ನೂ ನೋಡಿದಳು. "ಇವತ್ತೊಂದು ದಿನ," ಎಂದಳು. "ಇಲ್ಲೇ ನಿಂತು ನೋಡ್ತೀನಿ. ಆಮೇಲೆ ಹೇಳ್ತೀನಿ."

ತಾತ, ಬಟಾಣಿ ಇಬ್ಬರೂ ನೀಲಿ ಕಾರನ್ನು ಗೋಡೆಯ ಕಡೆಗೆ ತಳ್ಳಿದರು. ಗೋಡೆಯ ಪಕ್ಕ ನುಸುಳುವಷ್ಟೇ ಜಾಗ ಉಳಿದಾಗ ತಾತ ಸಾಕು ಎಂದ. ಬಟಾಣಿ ಒಳಗೆ ಹೋಗಿ ಕೂತಳು. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟಳು. ಎಳೆಯಲಿಲ್ಲ.

ಕೆಳಗೆ ತಾತ ಮಂಡಿಯೂರಿದ ಸದ್ದು. ಟಕ್. ಟಕ್. ಇದು ಮುಂದಿನ ಡಾಲಿ. ಅವನು ಮುಂದಿನಿಂದ ಸುತ್ತಿ ಗೋಡೆಯ ಕಡೆಗೆ ಹೋದ. ಟಕ್. ಟಕ್. ಅಲ್ಲಿಂದ ಗೋಡೆಗುಂಟ ಅಡ್ಡಡ್ಡಲಾಗಿ ನುಸುಳಿಕೊಂಡು ಹಿಂದಕ್ಕೆ. ಟಕ್. ಟಕ್. ಒಳಗೆ ಬಟಾಣಿ ಇನ್ನೊಂದು ಕೈಯ ಬೆರಳ ಗೆಣ್ಣು ಎಣಿಸುತ್ತಿದ್ದಳು. ಆರು.

ತಾತ ಹಿಂದಿನಿಂದ ಸುತ್ತಿ ಈ ಕಡೆಗೆ ಬಂದ. ಏದುಸಿರು ಕೇಳಿಸುತ್ತಿತ್ತು. ಟಕ್. ಏಳು.

ಆಮೇಲೆ ಸದ್ದಿಲ್ಲ.

ಕನ್ನಡಿಯಲ್ಲಿ ಬಟಾಣಿಗೆ ತಾತನ ತಲೆ ಕಾಣಿಸಿತು. ಅವನು ಕಾರಿನ ಅಂಚು ಹಿಡಿದು ಏಳುತ್ತಿದ್ದ. ಬಾಗಿಲಲ್ಲಿ ಅಮ್ಮ ಕೈಕಟ್ಟಿ ನಿಂತಿದ್ದಳು. ಕಣ್ಣು ಮಿಟುಕಿಸದೆ ತಾತನನ್ನೇ ನೋಡುತ್ತಿದ್ದಳು.

'ತಾತ, ಇನ್ನೊಂದು!' ಎಂಬ ಮಾತು ಬಟಾಣಿಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಹ್ಯಾಂಡ್‌ಬ್ರೇಕಿನ ಮೇಲಿನ ಕೈಯನ್ನು ಕದಲಿಸಲಿಲ್ಲ. ಸುಮ್ಮನೆ ಕೂತಳು.

ತಾತ ಅರ್ಧ ಎದ್ದವನು ಹಾಗೇ ನಿಂತ. ಏನೋ ಕೇಳಿಸಬೇಕಾಗಿತ್ತು, ಕೇಳಿಸಲಿಲ್ಲ. ತಲೆ ಓರೆ ಮಾಡಿ ಕಾದ. ಕಾರಿನೊಳಗೆ ನಿಶ್ಶಬ್ದ. ಅವನ ಕಣ್ಣು ಕನ್ನಡಿಯಲ್ಲಿ ಬಟಾಣಿಯ ಕಣ್ಣಿಗೆ ಸಿಕ್ಕಿತು. ಬಟಾಣಿ ಬೇರೆ ಕಡೆ ನೋಡಿದಳು, ಏನೂ ಗೊತ್ತಿಲ್ಲದವಳ ಹಾಗೆ.

ತಾತ ಮತ್ತೆ ಬಗ್ಗಿದ.

ಟಕ್.

ಬಟಾಣಿ ಎಂಟನೆಯ ಗೆಣ್ಣು ಮುಟ್ಟಿದಳು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದಳು. ಕರ್, ಕರ್, ಕರ್.

"ಹಾಕಾಯ್ತು ತಾತ!"

"ಶಹಬ್ಬಾಸ್ ಡ್ರೈವರ್!" ಎನ್ನುತ್ತಾ ತಾತ ಎದ್ದು ಕೈ ಒರೆಸಿಕೊಂಡ.

ಅಮ್ಮ ಒಳಗೆ ಬಂದು ನೀಲಿ ಕಾರಿಗೆ ಎರಡೂ ಕೈ ಕೊಟ್ಟು ತಳ್ಳಿ ನೋಡಿದಳು. ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದಳು. ಊಹೂಂ.

"ಸರಿ, ಸರಿ," ಎಂದಳು. "ನಾಳೆನೂ ನೀವೇ ಮಾಡಿ."

ಅವಳು ಬಿಳಿ ಕಾರನ್ನು ತರಲು ಹೊರಗೆ ಹೋದಳು. ಬಟಾಣಿ ಸೀಟಿನಿಂದ ಇಳಿದು ತಾತನ ಕೈ ಹಿಡಿದುಕೊಂಡಳು.  ಇಬ್ಬರೂ ಗೋಡೆಗೆ ಒತ್ತಿಕೊಂಡು ನಿಂತು ಬಿಳಿ ಕಾರಿಗೆ ದಾರಿ ಬಿಟ್ಟರು.